ಚಿತ್ರದ ಕುದುರೆಗೆ ಕುಂಕುಮ

ನನ್ನ ಧರ್ಮಪತ್ನಿ ಮಾತು ನಿಲ್ಲಿಸಿ ಒಂದು ಚಳಿಗಾಲ ಕಳೆದಿತ್ತು. ಮರೆವಿನ ರೋಗವು ಮೊದಲು ಮೊಮ್ಮಕ್ಕಳ ಹೆಸರುಗಳನ್ನು, ಆಮೇಲೆ ನಿತ್ಯದ ಸ್ತೋತ್ರಗಳನ್ನು, ಕಡೆಗೆ ನನ್ನನ್ನು ಕರೆಯುವ "ಏನ್ರೀ" ಎಂಬುದನ್ನೂ ಕೊಂಡೊಯ್ದಿತ್ತು. ಅದೊಂದು ಕರೆಯನ್ನು ಇನ್ನೊಮ್ಮೆ ಕೇಳಿದರೆ ಸಾಕೆಂದು ಬದುಕಿದ್ದೆ.

ಅಮೆರಿಕದ ಪ್ಲಿಮತ್‌ನಲ್ಲಿ ನಮ್ಮಿಬ್ಬರನ್ನೂ ತನ್ನ ಮನೆಯಲ್ಲೇ ಇಟ್ಟುಕೊಂಡಿರುವ ಮಗಳು ಒಂದು ಶನಿವಾರ ನಮ್ಮನ್ನು ಹತ್ತಿರದ ಡೆಟ್ರಾಯಿಟ್‌ನ ಚಿತ್ರಶಾಲೆಯೊಂದಕ್ಕೆ ಕರೆದೊಯ್ದಳು. ಅರಬ್ಬೀ ಕುದುರೆಗಳನ್ನೂ ಅವನ್ನು ನೋಡಿಕೊಳ್ಳುವ ಆಳುಗಳನ್ನೂ ಬ್ರಿಟಿಷ್ ಕಲಾವಿದರು ಬರೆದ ತೈಲಚಿತ್ರಗಳು ಅಲ್ಲಿದ್ದವು. ಒಂದು ಬೂದು ಕುದುರೆಯ ಮುಂದೆ ನನ್ನ ಹೆಂಡತಿ ನಿಂತುಬಿಟ್ಟಳು. ಅಗಲವಾದ ಹಣೆ, ಎತ್ತಿ ಹಿಡಿದ ಬಾಲ. ಪಕ್ಕದಲ್ಲಿ ಮುಂಡಾಸಿನ ಆಳು, ಲಗಾಮನ್ನು ಸಡಿಲವಾಗಿ ಹಿಡಿದು, ನಮ್ಮತ್ತ ನೋಡದೆ ಕುದುರೆಯನ್ನೇ ನೋಡುತ್ತಿದ್ದ. ಕೆಳಗಿನ ಫಲಕದಲ್ಲಿ ಕುದುರೆಯ ಹೆಸರಿತ್ತು, ಅವನದಿರಲಿಲ್ಲ.

"ಅಣ್ಣಾ, ಇದಕ್ಕ ನೀರು ಕುಡಿಸಿದ್ಯೇನು?" ಎಂದಳು ಅವನಿಗೆ.

ಮಗಳು ನನ್ನ ತೋಳು ಹಿಡಿದಳು. "ಅಪ್ಪಾ, ಅಮ್ಮ ಮಾತಾಡ್ಲಿಕತ್ತಾಳ."

"ಸುಮ್ನಿರವ್ವಾ. ಕೇಳೋಣು."

ಹೆಂಡತಿಯ ತವರಿನಲ್ಲಿ ಕುದುರೆಯಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನನ್ನು ಮಕ್ಕಳೆಲ್ಲ ಅಣ್ಣನೆನ್ನುತ್ತಿದ್ದರಂತೆ. ಮಹಾನವಮಿಯಂದು ಅವನು ಲಗಾಮು ಹಿಡಿದು ನಿಲ್ಲುವುದು, ಮನೆಯ ಮಗಳಾದ ಇವಳು ಕುದುರೆಯ ಹಣೆಗೆ ಕುಂಕುಮವಿಡುವುದು ಅಲ್ಲಿಯ ಪದ್ಧತಿ. ಈಗಲೂ ಚೀಲದಿಂದ ಕುಂಕುಮದ ಡಬ್ಬಿ ತೆಗೆದಳು, ಬೆರಳು ಅದ್ದಿ ಚಿತ್ರದತ್ತ ಕೈ ಚಾಚಿದಳು.

"ಮ್ಯಾಮ್, ಪ್ಲೀಸ್" ಎನ್ನುತ್ತ ಕಾವಲಿನ ಹೆಂಗಸು ಧಾವಿಸಿದಳು. ಅಷ್ಟರಲ್ಲಿ ನಾನು ಹೆಂಡತಿಯ ಮಣಿಕಟ್ಟನ್ನು ಹಿಡಿದಿದ್ದೆ.

ಅವಳು ನನ್ನ ಮುಖ ನೋಡಿದಳು. ಆ ಕಣ್ಣುಗಳಲ್ಲಿ ಇದ್ದದ್ದು ಬರೀ ಭಯ. ಮೆಲ್ಲನೆ ಚಿತ್ರದವನತ್ತ ತಿರುಗಿದಳು.

"ಅಣ್ಣಾ, ಇಂವ ಯಾರೋ ನನ್ನ ಕೈ ಹಿಡದಾನ. ಬಿಡಸೋ."

ಅಗ್ನಿಯ ಸಾಕ್ಷಿಯಲ್ಲಿ ನನ್ನ ಕೈಗೆ ಬಂದ ಕೈ ಅದು. ಬಿಟ್ಟೆ. ಕಾವಲಿನವಳು ಒಂದು ಟಿಶ್ಯೂ ತಂದುಕೊಟ್ಟಳು. ಮಗಳು ತಾಯಿಯ ಬೆರಳನ್ನು ಒರೆಸಿದಳು.

ಕಾರಿನಲ್ಲಿ ಮಗಳು ಹೇಳಿದಳು: "ಅಪ್ಪಾ, ಏನರೆ ಆಗಲಿ, ಮಾತಾಡಿದ್ಲಲ್ಲ."

"ಹೌದವ್ವಾ, ಮಾತಾಡಿದ್ಲು" ಎಂದೆ. ಮಗಳಿಗೆ ಅಷ್ಟಾದರೂ ಉಳಿಯಲಿ ಎಂದು.

ಆಮೇಲೆ ಹೆಂಡತಿ ಯಾರೊಡನೆಯೂ ಮಾತನಾಡಿಲ್ಲ. ನಾನು ಕೋಣೆಯೊಳಗೆ ಕಾಲಿಟ್ಟರೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ. ಊಟವನ್ನು ಈಗ ಮಗಳೇ ಮಾಡಿಸುತ್ತಾಳೆ. ನಾನು ಬಾಗಿಲಿನ ಹೊರಗೆ ಮಣೆ ಹಾಕಿಕೊಂಡು, ಅವಳು ಬೆದರದಷ್ಟು ಸಣ್ಣ ದನಿಯಲ್ಲಿ ಜಪ ಮಾಡುತ್ತೇನೆ.