ಗಂಟಲಿಲ್ಲದ ಗೆಳೆಯನ ಬೆಳಗಿನ ಮಾತು

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಲಗ್ಗೆರೆಯಲ್ಲಿದ್ದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಟ್ರಾನ್ಸ್‌ಫಾರ್ಮರ್ ಪರೀಕ್ಷೆ ಮಾಡುವ ಕೆಲಸ. ನನ್ನ ಗೆಳೆಯ ನಗರದ ಇನ್ನೊಂದು ತುದಿಯ ಬೇಗೂರಿನವನು, ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುತ್ತಿದ್ದ. ಮನೆಯಲ್ಲೇ ಕೂತು ರೇಡಿಯೊದಲ್ಲಿ ಮಾತಾಡಿಕೊಳ್ಳುವ ಹ್ಯಾಮ್ ಲೈಸೆನ್ಸ್ ಇಬ್ಬರಿಗೂ ಇತ್ತು.

ಮೀಡಿಯಂ ವೇವ್‌ನಲ್ಲಿ ಹಾಡು, ವಾರ್ತೆಯ ಸ್ಟೇಷನ್‌ಗಳೆಲ್ಲ ಮುಗಿದ ಮೇಲೆ, ಅಂಚಿನಲ್ಲಿ ನಮ್ಮಂಥ ಹವ್ಯಾಸಿಗಳಿಗೆ ಒಂದು ಚೂರು ಜಾಗವಿದೆ. ನೂರರವತ್ತು ಮೀಟರ್ ಬ್ಯಾಂಡ್ ಅನ್ನುತ್ತೇವೆ. ಅದಕ್ಕೆ ತುಂಬ ಉದ್ದದ ಏರಿಯಲ್ ತಂತಿ ಬೇಕು. ಅವನ ಮನೆಯಲ್ಲಿ ತೆಂಗಿನ ಮರಗಳಿದ್ದವು, ಅವಕ್ಕೆ ಕಟ್ಟಿದ್ದ. ನಾನು ಅಕ್ಕಪಕ್ಕದವರನ್ನು ಕಾಡಿ ಬೇಡಿ ತಾರಸಿಗಳ ಮೇಲೆ ಎಳೆದಿದ್ದೆ. ಪೀಣ್ಯದ ಮೆಷಿನ್‌ಗಳು ಶುರುವಾದರೆ ರೇಡಿಯೊ ತುಂಬ ಬರೀ ಗರಗರ. ಹಾಗಾಗಿ ಬೆಳಗ್ಗೆ ಶಿಫ್ಟಿಗೆ ಮುಂಚೆಯೇ ನಮ್ಮ ಹರಟೆ.

ಅವನ ಗಂಟಲಲ್ಲಿ ಗಡ್ಡೆಯಾಯಿತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ನಮ್ಮ ಮಾತು ಮುಗಿಯಿತು ಅಂದುಕೊಂಡಿದ್ದೆ. ಒಂದು ಬೆಳಗ್ಗೆ ಬ್ಯಾಂಡಿನ ಅದೇ ಜಾಗದಲ್ಲಿ, ಕೀಲಿ ಕುಟ್ಟಿ ಒಂದೊಂದೇ ಅಕ್ಷರ ಕಳಿಸುವ ಮೋರ್ಸ್ ಸದ್ದು ಕೇಳಿಸಿತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: "ಹೆಂಗಿದ್ದೀಯ ಗುರು." ಉತ್ತರ ತಪ್ಪುತಪ್ಪಾಗಿ ಹೊಡೆದೆ.

ಆಮೇಲೆ ಅವನು ಮೊದಲಿಗಿಂತ ಹೆಚ್ಚು ಮಾತಾಡಿದ. ಉಸಿರಾಡಲು ಕುತ್ತಿಗೆಯಲ್ಲಿ ಮಾಡಿದ ತೂತು ನೋಡಿ ಬೀದಿಯ ಮಕ್ಕಳು ಓಡಿಹೋಗುವುದು, ಮೂಗಿನಲ್ಲಿ ಉಸಿರಾಡದೆ ಸಾರಿನ ವಾಸನೆಯೇ ತಿಳಿಯದಿರುವುದು, ಎಲ್ಲ. ಒಂದು ದಿನ ಹೇಳಿದ: "ಮತ್ತೆ ಗಂಟು ಬಂದಿದೆ. ಇನ್ನು ಕುಯ್ಯಲ್ಲ ಅಂದರು ಡಾಕ್ಟರು. ಮನೇಲಿ ಹೇಳಿಲ್ಲ."

ಭಾನುವಾರ ಬಸ್ಸು ಹತ್ತಿ ಬೇಗೂರಿಗೆ ಹೋದೆ. ಅವನು ಒಳಗೆ ಮಲಗಿದ್ದ. ಅವನ ಹೆಂಡತಿ ಜಗುಲಿಯಲ್ಲೇ ನನ್ನನ್ನು ತಡೆದರು.

"ನಮ್ಗೆ ಸ್ಲೇಟ್ ಮೇಲೆ ನೀರು, ಸಾಕು, ಅಷ್ಟೇ ಬರೀತಾರೆ. ನಿಮ್ ಜೊತೆ ಅಷ್ಟೊತ್ತು ಕುಟ್ತಾರಲ್ಲ, ಏನಣ್ಣ ಅದು?"

ಗಂಟು ಮತ್ತೆ ಬಂದದ್ದನ್ನು ಹೇಳಿಬಿಟ್ಟೆ. ಆಕೆ ಅಳಲಿಲ್ಲ.

"ಗೊತ್ತು ಕಣಣ್ಣ. ದಿಂಬಿನ ಕವರ್ ಒಗೆಯೋಳು ನಾನಲ್ವಾ? ರಕ್ತ ಕಾಣಲ್ವಾ? ಆದ್ರೂ ಅವ್ರ್ ಬಾಯಿಂದ..." ಅಂದು ನಿಲ್ಲಿಸಿದರು. ಅವನಿಗೆ ಬಾಯಿ ಇದ್ದೂ ಇಲ್ಲ ಅನ್ನುವುದು ಆಗ ನೆನಪಾಯಿತೇನೋ.

ಒಳಗೆ ಹೋಗಿ, "ಅಕ್ಕನಿಗೆ ಹೇಳಿದೆ ಕಣೋ" ಅಂದೆ. ಅವನು ಗೋಡೆ ಕಡೆ ಹೊರಳಿದ. ನಾನು ಹೊರಡುವವರೆಗೂ ತಿರುಗಲಿಲ್ಲ.

ಸುಮಾರು ದಿನ ಅವನ ಸುಳಿವಿಲ್ಲ. ಆಮೇಲೊಮ್ಮೆ ರೇಡಿಯೊದಲ್ಲಿ ಬಂದ. "ಪಕ್ಕದಲ್ಲೇ ಕೂತಿದ್ದಾಳೆ. ಏನಂತ ಕೇಳ್ತಾಳೆ. ನಿನ್ನ ಬೈತಾ ಇದೀನಿ ಅಂತ ಬರೆದು ತೋರಿಸಿದೆ." ನಕ್ಕೆ. ಅವನ ಹೊಡೆತ ಮಾತ್ರ ದಿನದಿಂದ ದಿನಕ್ಕೆ ನಿಧಾನವಾಯಿತು. ಅಕ್ಷರಗಳು ಅರ್ಧಕ್ಕೇ ನಿಲ್ಲುತ್ತಿದ್ದವು.

ಚಳಿಗಾಲದಲ್ಲಿ ತೀರಿಕೊಂಡ.

ತಿಥಿಯ ದಿನ ಎಲ್ಲರ ಊಟ ಆದಮೇಲೆ ಆಕೆ ಹತ್ತಿರ ಬಂದು ಕೇಳಿದರು: "ಕೊನೇಲಿ ನಿಮ್ಗೆ ಏನಂದ್ರಣ್ಣ?"

"ಗಲಾಟೆ ಜಾಸ್ತಿ, ಸರಿಯಾಗಿ ಕೇಳಿಸ್ತಿಲ್ಲ, ನಾಳೆ ಬರ್ತೀನಿ ಅಂದ."

"ನನ್ ವಿಸ್ಯ?"

"ಇಲ್ಲಕ್ಕ."

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ರೇಡಿಯೊ ತೋರಿಸಿ, "ತಗೊಂಡೋಗ್ಬಿಡಿ. ಅದು ಕಣ್ಗೆ ಬಿದ್ರೆ ಅವ್ರು ಇನ್ನೂ ಬೇರೆಯೋರ ಹತ್ರ ಮಾತಾಡ್ತಾ ಕೂತವ್ರೆ ಅನ್ಸ್ತದೆ" ಅಂದರು.

ಹಳೆ ಬೆಡ್‌ಶೀಟಿನಲ್ಲಿ ಸುತ್ತಿಕೊಟ್ಟರು. ಬಸ್ಸಿನಲ್ಲಿ ಲಗ್ಗೆರೆಯವರೆಗೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ.