ಹೊಗಳಿದವರಿಗೆ ಸಿಗುವ ಗುಡ್ಡ

ನನ್ನ ಮಟ್ಟಿಗೆ ಚಿತ್ರಕಲೆ ಅಂದರೆ ಬೀಡಿ ಕಂಪೆನಿಯ ಕ್ಯಾಲೆಂಡರು. ಅಂಥ ನನ್ನನ್ನು ಚೀನಾದ ದೊಡ್ಡ ಚಿತ್ರಕಾರನೊಬ್ಬನ ಮ್ಯೂಸಿಯಮ್ಮಿನ ಬಾಗಿಲಿಗೆ ಕರೆದೊಯ್ದು ನಿಲ್ಲಿಸಿದ್ದು ಥರ್ಮಾಸ್ ಫ್ಲಾಸ್ಕು.

ಎಂಬತ್ತರ ದಶಕದ ನಡುವಿನ ಮಾತು. ಸೌದಿಯ ಖಮೀಸ್ ಮುಶೈತಿನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಪಾತ್ರೆ ಅಂಗಡಿಗೆ ಫ್ಲಾಸ್ಕುಗಳು ತೈವಾನಿನಿಂದ ಬರುತ್ತಿದ್ದವು. ಆ ವರ್ಷ ನನ್ನ ಕಫೀಲ್, ಅಂದರೆ ನನ್ನ ವಾಸದ ಪರವಾನಗಿಯಾದ ಇಕಾಮಾ, ಪಾಸ್‌ಪೋರ್ಟು ಮತ್ತು ನಿದ್ದೆ ಮೂರನ್ನೂ ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದ ಧಣಿ, ಕಾರ್ಖಾನೆಯನ್ನು ತಾನೇ ಹೋಗಿ ನೋಡಬೇಕೆಂದ. ಇಂಗ್ಲಿಷ್ ಮಾತಾಡಲಿಕ್ಕೆ ನಾನು. "ವ್ಯಾಪಾರ ಕುದುರಲಿ, ನಿನ್ನ ಹೆಂಡತಿ ಮಗಳನ್ನು ಕರೆಸಲು ಸಹಿ ಹಾಕುತ್ತೇನೆ" ಎಂದಿದ್ದ. ಮಗಳ ಪಾಲಿಗೆ ನಾನು ಊರಿಗೆ ಕಳಿಸುವ ಕ್ಯಾಸೆಟ್ಟಿನೊಳಗಿಂದ ಕೆಮ್ಮುವ ಒಂದು ದನಿ. ಆದ್ದರಿಂದ ವಿಮಾನ ಏರಿದ ಗಳಿಗೆಯಿಂದ ಧಣಿಯ ಮುಖವನ್ನೇ ನೋಡುತ್ತಿದ್ದೆ. ಅವನು ಸೀನಿದರೂ ವೀಸಾ ಹೋಯಿತೆಂದೇ ನನ್ನ ಲೆಕ್ಕ.

ಕಾರ್ಖಾನೆ ನೋಡಿದ್ದಾಯಿತು. ದರ ಮಾತಾಡುವ ಮೊದಲು ಅತಿಥಿಗಳಿಗೆ ಸಂತೋಷವಾಗಲಿ ಎಂದು ಕಾರ್ಖಾನೆಯವನು ನಮ್ಮನ್ನು ತೈಪೆಯ ಹೊರವಲಯದ ಆ ಮನೆಗೆ ಕರೆದುಕೊಂಡು ಹೋದ. ಚಿತ್ರಕಾರ ಬದುಕಿದ್ದ ಮನೆಯನ್ನೇ ಮ್ಯೂಸಿಯಂ ಮಾಡಿದ್ದರು. ಬಾಗಿಲ ಬಳಿ ಅವನ ಚಪ್ಪಲಿ, ಮೇಜಿನ ಮೇಲೆ ಅವನ ಕುಂಚ, ನೋಡಿಕೊಳ್ಳಲು ಅವನ ಹಳೆಯ ಶಿಷ್ಯನಾಗಿದ್ದ ಒಬ್ಬ ಅಜ್ಜ.

ಧಣಿ ಚಪ್ಪಲಿ ಬಿಚ್ಚಿ ಸಲಾಂ ಹೇಳಿ ಒಳಹೊಕ್ಕ. "ಮನೆಯ ಯಜಮಾನ ಎಲ್ಲಿ?"

"ತೀರಿಕೊಂಡಿದ್ದಾನೆ, ಅಮ್ಮೀ" ಎಂದೆ. ಅಮ್ಮೀ ಅಂದರೆ ಅರಬಿಯಲ್ಲಿ ಚಿಕ್ಕಪ್ಪ, ಹಿರಿಯರನ್ನು ನಾವು ಖಮೀಸಿನಲ್ಲಿ ಕರೆಯುತ್ತಿದ್ದದ್ದೇ ಹಾಗೆ.

ಆಯಿತು! ಧಣಿ ಗಂಭೀರನಾಗಿ ಅಜ್ಜನ ಕೈ ಹಿಡಿದು, ಸಾವಿನ ಮನೆಯಲ್ಲಿ ಹೇಳಬೇಕಾದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ನಾನು ಇಂಗ್ಲಿಷಿಗೆ, ಕಾರ್ಖಾನೆಯವನು ಚೀನೀ ಭಾಷೆಗೆ ದಾಟಿಸಿದೆವು. ಯಜಮಾನ ಸತ್ತು ವರ್ಷಗಳೇ ಕಳೆದಿದ್ದವು. ಆದರೂ ಅಜ್ಜನ ಕಣ್ಣು ಒದ್ದೆಯಾಯಿತು. ಟಿಕೆಟು ಕೊಂಡು ಬಂದವರಲ್ಲಿ ಯಾರೂ ಅವನನ್ನು ಹಾಗೆ ಸಂತೈಸಿರಲಿಲ್ಲವೋ ಏನೋ. ನಮ್ಮನ್ನು ಕೂರಿಸಿ ಚಹಾ ತಂದ.

ಖಮೀಸಿನ ಕಡೆ ಕಾವಾ, ಅಂದರೆ ಅರಬರ ಕಾಫಿ, ಸಾಕಾದರೆ ಬಟ್ಟಲನ್ನು ಅಲುಗಿಸಬೇಕು. ಧಣಿ ಅಲುಗಿಸಿದ. ಅಜ್ಜ ತುಂಬಿಸಿದ. ಧಣಿ ಇನ್ನೂ ಜೋರಾಗಿ ಅಲುಗಿಸಿದ. ಪಾಪ, ಎಂಥ ಬಾಯಾರಿಕೆಯೋ ಎಂದುಕೊಂಡಿರಬೇಕು, ಅಜ್ಜ ಇನ್ನೂ ಬೇಗ ತುಂಬಿಸಿದ. "ಸಾಕು" ಎಂದು ನಾನು ಹೇಳಬಹುದಿತ್ತು. ಆದರೆ ಧಣಿಯ ಹೊಟ್ಟೆಯ ವಿಷಯದಲ್ಲಿ ಬಾಯಿ ಹಾಕಿದರೆ ವೀಸಾ ಏನಾದೀತೋ! ಅವನು ಕೆರೆಯಷ್ಟು ಚಹಾ ಕುಡಿದು ಮೇಲೆದ್ದ.

ಎದ್ದವನು ಒಂದು ಚಿತ್ರದ ಮುಂದೆ ನಿಂತೇಬಿಟ್ಟ. ಕಪ್ಪು ಶಾಯಿಯ ಗುಡ್ಡಗಳು, ನಡುವೆ ಮಂಜು, ಕೆಳಗೆ ಪುಟ್ಟ ಸೇತುವೆ, ಅದರ ಮೇಲೆ ಇರುವೆಯಷ್ಟು ದೊಡ್ಡ ಒಬ್ಬ ಮನುಷ್ಯ. ಅರ್ಧ ಕಾಗದ ಖಾಲಿ. ಮುಗಿಸಲು ಪುರುಸೊತ್ತಾಗುವ ಮೊದಲೇ ಸತ್ತಿರಬೇಕು ಎಂದುಕೊಂಡೆ. ನನ್ನ ಕಲಾವಿಮರ್ಶೆ ಅಷ್ಟೇ.

"ಇದು ನಮ್ಮ ಅಸೀರ್ ಸೀಮೆಯ ಗುಡ್ಡ!" ಎಂದ ಧಣಿ. "ನನ್ನ ಅಜ್ಜನ ಊರಿನ ದಾರಿ. ಈ ಚಿತ್ರ ಬರೆದವ ಅಲ್ಲಿಗೆ ಯಾವಾಗ ಬಂದಿದ್ದ? ಮಾಶಾ ಅಲ್ಲಾ, ಎಷ್ಟು ಚೆನ್ನಾಗಿದೆ! ಹೇಳು ಅವನಿಗೆ."

ಹೇಳಿದೆ. ಅಜ್ಜ ಬಾಗಿ ವಂದಿಸಿದ.

"ಇನ್ನೊಮ್ಮೆ ಹೇಳು."

ಹೇಳಿದೆ. ಅಜ್ಜ ಇನ್ನಷ್ಟು ಬಾಗಿದ.

ಆಗ ನನಗೆ ಹೊಳೆಯಿತು. ಧಣಿಯ ಸೀಮೆಯಲ್ಲಿ ಅತಿಥಿ ಒಂದು ವಸ್ತುವನ್ನು ಮನಸಾರೆ ಹೊಗಳಿದರೆ ಮನೆಯವರು "ಇದು ನಿಮ್ಮದೇ" ಎಂದು ಕೊಡಬೇಕು. ಕೊಡದಿದ್ದರೆ ಅವಮಾನ. ಧಣಿ ಕೈ ಚಾಚದೆ ಚಾಚಿಕೊಂಡು ಕಾಯುತ್ತಿದ್ದ. ಅಜ್ಜ ನಗುತ್ತಿದ್ದ.

"ಇವರದ್ದು ಚಹಾ ಮಾತ್ರ ಧಾರಾಳ" ಎಂದ ಧಣಿ, ಮುಖ ಬಿಗಿದು. "ಯಲ್ಲಾ, ಹೋಗುವ. ಫ್ಲಾಸ್ಕು ಬೇರೆ ಕಡೆ ನೋಡುವ."

ನನ್ನ ಹೆಂಡತಿ ಮಗಳು ಏರಬೇಕಾದ ವಿಮಾನ ಗೋಡೆಯ ಮೇಲಿನ ಮಂಜಿನಲ್ಲಿ ಕರಗುವುದು ನನಗೆ ಸ್ಪಷ್ಟವಾಗಿ ಕಂಡಿತು. ಬಾಗಿಲ ಬಳಿ ಅದೇ ಚಿತ್ರದ ಅಚ್ಚಿನ ಪ್ರತಿಗಳನ್ನು ಮಾರಾಟಕ್ಕಿಟ್ಟಿದ್ದರು. ಕಾರ್ಖಾನೆಯವನ ಕಿವಿಯಲ್ಲಿ ಸಂಕಟ ಹೇಳಿಕೊಂಡೆ. ಅವನು ಅಜ್ಜನ ಕಿವಿಯಲ್ಲಿ ಹೇಳಿದ. ಕಾಸು ನನ್ನದು, ಬಾಗುವುದು ಅವರದು. ಅಜ್ಜ ಸುರುಳಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಧಣಿಗೆ ಒಪ್ಪಿಸಿದ.

ಧಣಿ ಬಿಚ್ಚಿ ನೋಡಿದ, ತಿರುಗಿ ಗೋಡೆ ನೋಡಿದ. "ಅದು ಇನ್ನೂ ಅಲ್ಲೇ ಉಂಟಲ್ಲ?"

"ಇವರಲ್ಲಿ ಅವಳಿ ಜವಳಿ ಜಾಸ್ತಿ, ಅಮ್ಮೀ."

ಫ್ಲಾಸ್ಕಿನ ವ್ಯಾಪಾರ ಕುದುರಿತು.

ಊರಿಗೆ, ಅಂದರೆ ಖಮೀಸಿಗೆ, ಮರಳಿದ ಮೇಲೆ ಧಣಿ ಚಿತ್ರಕ್ಕೆ ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿ ಅತಿಥಿಗಳನ್ನು ಕೂರಿಸುವ ಮಜ್ಲಿಸಿನಲ್ಲಿ ತೂಗುಹಾಕಿದ. ಸಹಿಯ ಮಾತೇ ಇಲ್ಲ. ಕೊನೆಗೆ ಒಂದು ಶುಕ್ರವಾರ ಧೈರ್ಯ ಮಾಡಿ ಹೋದೆ. ನಮ್ಮ ಕರಾವಳಿಯವರು ಒಂದು ವಿಷಯ ಕೇಳಬೇಕಾದರೆ ಮಳೆ, ಮೀನು, ಮೊಣಗಂಟು ನೋವು ಎಲ್ಲ ಮುಗಿಸಿಯೇ ಅಲ್ಲಿಗೆ ಬರುವುದು. ಖಮೀಸಿನಲ್ಲಿ ಮೀನೂ ಇಲ್ಲ. ಹೆದರಿಕೆಯಲ್ಲಿ ಎದುರಿಗೆ ಕಂಡದ್ದನ್ನೇ ಹಿಡಿದುಕೊಂಡೆ. "ಅಮ್ಮೀ, ಈ ಚಿತ್ರ ನೋಡಿದಷ್ಟೂ ಚೆನ್ನಾಗಿ ಕಾಣ್ತದೆ!"

ಬಾಯಿಂದ ಬಿದ್ದದ್ದು ಬಿದ್ದಾಯಿತು. ಧಣಿ ಒಂದು ಕ್ಷಣ ಕಣ್ಣು ಮುಚ್ಚಿದ. ಎದ್ದು ಚಿತ್ರವನ್ನು ಇಳಿಸಿ ನನ್ನ ಮಡಿಲಲ್ಲಿಟ್ಟ. "ಇದು ನಿನ್ನದು."

ಬೇಡ ಎಂದರೆ ಅವಮಾನ. ಬೇಕು ಎಂದ ಮೇಲೆ ಅದೇ ಬಾಯಲ್ಲಿ ವೀಸಾ ಕೇಳಿದರೆ ದುರಾಸೆ. ನಾನೇ ಕೊಂಡ ಗುಡ್ಡವನ್ನು ನಾನೇ ಹೊತ್ತುಕೊಂಡು ರೂಮಿಗೆ ಬಂದೆ.

ರೂಮಿನಲ್ಲಿ ಜೊತೆಗಿದ್ದವ ಉಡುಪಿ ಕಡೆಯ ಒಬ್ಬ ಡ್ರೈವರ್. "ಎಂತ ಮಾರಾಯ, ವೀಸಾ ತರ್ಲಿಕ್ಕೆ ಹೋದವ ಗುಡ್ಡೆ ತಂದದ್ದಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿದ ಮೇಲೆ ಉಪಾಯವನ್ನೂ ಅವನೇ ಹೇಳಿದ. "ಧಣಿಯನ್ನು ಊಟಕ್ಕೆ ಕರಿ. ಗುಡ್ಡೆಯನ್ನು ಅವನ ಮೂಗಿನ ಎದುರಿಗೇ ನೇತಾಕು. ಅವ ಹೊಗಳ್ತಾನೆ, ನೀನು ಕೊಡು. ಆಮೇಲೆ ಅವ ತಿರುಗಿ ಏನೂ ಕೊಡದೆ ಕೂತರೆ ಅವನಿಗೇ ನಾಚಿಕೆ."

ಧಣಿ ಬಂದ. ತುಪ್ಪದನ್ನ, ಕೋಳಿ ಸುಕ್ಕ ಹೊಗಳಿದ. ನಮ್ಮ ಪ್ಲಾಸ್ಟಿಕ್ ಚಾಪೆಯನ್ನೂ ಹೊಗಳಿದ. ಗೋಡೆಯ ಮೇಲೆ ಕಣ್ಣಿಟ್ಟೇ ಉಂಡ. ಆದರೆ ಚಿತ್ರದ ಬಗ್ಗೆ ತುಟಿ ಬಿಚ್ಚಲಿಲ್ಲ. ಆ ಪದ್ಧತಿಯಲ್ಲಿ ಹುಟ್ಟಿದವನಿಗೆ ನಾವು ಬಲೆ ಬೀಸಲು ಹೋಗಿದ್ದೆವು, ಬುದ್ಧಿವಂತರು!

ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಕೇಳಿದ, "ಆ ಸೇತುವೆ ಮೇಲಿನವನು ಒಬ್ಬನೇ ಇದ್ದಾನಲ್ಲ. ಅವನಿಗೆ ಮನೆ ಇಲ್ಲವಾ?"

"ಮನೆ ಉಂಟು ಅಮ್ಮೀ. ಮನೆಯವರಿಗೆ ವೀಸಾ ಇಲ್ಲ."

ಇದನ್ನು ಹೇಳಿದ್ದು ನಾನೇ ಎಂದು ಗೊತ್ತಾದದ್ದು ಡ್ರೈವರ್ ಕೆಮ್ಮಿದಾಗ. ಕೆಲಸ ಹೋಯಿತು, ಇಕಾಮಾ ಹೋಯಿತು, ಊರಲ್ಲಿ ಯಾರ ಅಂಗಡಿಯಲ್ಲಿ ಕೂರಲಿ ಎಂದು ಲೆಕ್ಕ ಹಾಕುವಷ್ಟರಲ್ಲಿ, ಧಣಿ ಮೆಟ್ಟಿದ್ದ ಚಪ್ಪಲಿಯನ್ನು ಮತ್ತೆ ಬಿಚ್ಚಿದ. ಒಳಗೆ ಬಂದು ಚಿತ್ರದ ಮುಂದೆ ನಿಂತ.

"ಬಹಳ ಚೆನ್ನಾಗಿದೆ" ಎಂದ, ಒಂದೊಂದೇ ಅಕ್ಷರ ಬಿಡಿಸಿ.

ನಾನು ಇಳಿಸಿ ಕೊಟ್ಟೆ.

"ಈಗ ಕೊಡುವ ಸರದಿ ನನ್ನದು. ಬೆಳಿಗ್ಗೆ ಕಾಗದ ತಾ, ಮುದೀರ್" ಎಂದ. ನನ್ನನ್ನು ಮ್ಯಾನೇಜರ್ ಎಂದು ಕರೆದದ್ದು ಅದೇ ಮೊದಲು. ಸಂಬಳಕ್ಕೆ ಅದು ಕೇಳಿಸಲಿಲ್ಲ, ಆ ಮಾತು ಬಿಡಿ.

ಹೆಂಡತಿ ಮಗಳು ಬಂದರು. ಡ್ರೈವರ್ ಬೇರೆ ರೂಮು ನೋಡಿಕೊಂಡ. ಬರಿದಾಗಿದ್ದ ಮೊಳೆಗೆ ಹೆಂಡತಿ ಊರಿನಿಂದ ಜೋಪಾನವಾಗಿ ಸುರುಳಿ ಸುತ್ತಿ ತಂದ ಬೀಡಿ ಕಂಪೆನಿಯ ಕ್ಯಾಲೆಂಡರನ್ನು ನೇತುಹಾಕಿದಳು. "ಚೆಂದ ಉಂಟಲ್ವಾ?" ಎಂದಳು.

ಉಂಟು ಎನ್ನಲು ಬಾಯಿ ತೆರೆದವನು, ಮೊದಲು ಬಾಗಿಲ ಕಡೆ ನೋಡಿಕೊಂಡೆ.