ಬಸ್ಸಿನಿಂದ ಇಳಿದವರು

ಮೂರು ವರ್ಷದ ಹಿಂದಿನ ಆಗಸ್ಟ್ ತಿಂಗಳು. ಕುವೈತಿನಲ್ಲಿ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುವ ದಿನಗಳು. ನಾನು ಕಲಿಸುವ ಶಾಲೆಗೆ ರಜೆ ಇತ್ತು. ಆದರೆ ನನ್ನ ಗಂಡ ಹರೀಶರಿಗೆ ಕಂಪೆನಿಯಲ್ಲಿ ಕೆಲಸ ಹೆಚ್ಚಿದ್ದುದರಿಂದ ಆ ವರ್ಷ ಊರಿಗೆ, ಮೂಡಬಿದಿರೆಗೆ, ಹೋಗಲು ಆಗಿರಲಿಲ್ಲ. ಕೊನೆಗೆ ಅವರಿಗೆ ನಾಲ್ಕು ದಿನ ರಜೆ ಸಿಕ್ಕಿತು. ಒಂಬತ್ತು ವರ್ಷದ ಮಗಳು ಸಾನ್ವಿ ರಿಗ್ಗೈ ಬಡಾವಣೆಯ ನಮ್ಮ ಫ್ಲ್ಯಾಟಿನಿಂದ ಹೊರಗೆ ಕಾಲಿಡದೆ ಬೇಸತ್ತಿದ್ದಳು.

"ಒಮಾನಿನ ಸಲಾಲಾಕ್ಕೆ ಒಂದು ಟೂರ್ ಹೊರಡ್ತದಂತೆ. ಅಲ್ಲಿ ಈಗ ಮಳೆಗಾಲ. ದೊಡ್ಡ ಜಲಪಾತ ಉಂಟು. ಇವಳಿಗೆ ಒಮ್ಮೆ ತೋರಿಸುವ" ಎಂದರು ಹರೀಶ್.

ಗುಂಪಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿದ್ದೆವು, ಎಲ್ಲರೂ ಕುವೈತಿನ ಕನ್ನಡಿಗರೇ. ಫಹಾಹೀಲಿನಲ್ಲಿ ಅಂಗಡಿ ಇಟ್ಟುಕೊಂಡಿದ್ದ ಪ್ರಭಾಕರ್ ಎಂಬವರು ನಮ್ಮ ಜಿಲ್ಲೆಯವರೇ ಎಂದು ತಿಳಿದು ವಿಮಾನದಲ್ಲೇ ದೋಸ್ತಿಯಾಯಿತು. ಅವರ ಹೆಂಡತಿ ಚಕ್ಕುಲಿ ಹಂಚಿದರು. ಅದೇ ಗುಂಪಿನಲ್ಲಿ ಮಿರ್ಕಾಬ್ ಪ್ರದೇಶದ ಒಂದು ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಮೈಸೂರಿನ ವಸುಧಾ, ತಮ್ಮ ಇಬ್ಬರು ಗೆಳತಿಯರ ಜೊತೆ ಬಂದಿದ್ದರು. ಐವತ್ತು ದಾಟಿದವರು, ಮಾತು ಬಲು ಖಾರ. ಹೋಟೆಲಿನ ಚಹಾ, ಕೋಣೆಯ ದಿಂಬು, ಯಾವುದೂ ಅವರಿಗೆ ಸರಿಬರುತ್ತಿರಲಿಲ್ಲ.

ಎರಡನೆಯ ದಿನ ಜಲಪಾತಕ್ಕೆ ಹೊರಟಾಗ ಸಾನ್ವಿಗೆ ತಿರುವುಗಳಲ್ಲಿ ವಾಂತಿಯಾಗುತ್ತದೆಂದು ನಾವು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದೆವು. ವಸುಧಾ ಬಂದು ನಿಂತು, "ಸೀಟ್ ನಂಬರ್ ಕೊಟ್ಟಿರೋದು ಯಾತಕ್ಕೆ ರೀ? ಏಳಿ, ಇದು ನಮ್ಮದು" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಹರೀಶ್ ನಗುತ್ತಲೇ ಎದ್ದರು. "ಸುಮ್ಮನಿರು ಮಾರಾಯ್ತಿ, ಒಂದು ಸೀಟಿಗೆ ಜಗಳವಾ?" ಎಂದು ನನ್ನನ್ನು ಹಿಂದಕ್ಕೆ ಕರೆದುಕೊಂಡು ಹೋದರು.

ಬಸ್ಸು ಇಳಿದಾಗ ತುಂತುರು ಮಳೆ, ಮಂಜು. ಹಸಿರು ಗುಡ್ಡದ ಮೇಲೆ ಒಂಟೆಗಳು ಮೇಯುತ್ತಿದ್ದವು. "ಪಪ್ಪಾ, ಲುಕ್! ಕ್ಯಾಮೆಲ್ಸ್ ಇನ್ ದಿ ರೈನ್!" ಎಂದು ಸಾನ್ವಿ ಕುಣಿದಳು. ನಮ್ಮ ಗೈಡ್ ಸಲೀಂ, ನಡುವಯಸ್ಸಿನ ಒಮಾನಿ, "ಯಲ್ಲಾ, ಯಲ್ಲಾ, ಸಂಭಾಲ್ ಕೆ" ಎಂದು ಎಚ್ಚರಿಸುತ್ತ ಕೆಸರುದಾರಿಯಲ್ಲಿ ನಡೆಸಿಕೊಂಡು ಹೋದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹರೀಶ್ ನಿಂತುಬಿಟ್ಟರು. ಕೈಯಿಂದ ಎದೆ ಉಜ್ಜಿಕೊಂಡರು.

"ಬೆಳಿಗ್ಗೆಯ ಪರೋಟ ಗ್ಯಾಸ್ ಮಾಡಿದೆ ಕಾಣ್ತದೆ. ನೀವಿಬ್ಬರು ಹೋಗಿ ಬನ್ನಿ, ನಾನು ಈ ಕಲ್ಲಿನ ಮೇಲೆ ಕೂತಿರ್ತೇನೆ."

"ನಾವೂ ಕೂತ್ಕೊಳ್ತೇವೆ" ಎಂದೆ.

"ಅವಳು ನೋಡಲಿಕ್ಕೇ ಬಂದದ್ದಲ್ವಾ? ಹೋಗಿ, ಹೋಗಿ."

ಹೋದೆವು. ಸುಣ್ಣದ ಬಣ್ಣದ ಎತ್ತರದ ಬಂಡೆಗೋಡೆಯಿಂದ ನೀರು ಒಂದೇ ಸಮನೆ ಧುಮುಕುತ್ತಿತ್ತು. ಪಕ್ಕದಲ್ಲಿದ್ದವರ ಮಾತೂ ಕೇಳಿಸದಷ್ಟು ಸದ್ದು. ಸಾನ್ವಿ ಬಾಯಿ ತೆರೆದು ನಿಂತುಬಿಟ್ಟಳು. ನಾವು ಅಲ್ಲಿ ಹೆಚ್ಚು ಹೊತ್ತು ಇರಲಿಲ್ಲ. ಹಿಂದಿರುಗಿ ಬಂದು ನೋಡಿದರೆ ಆ ಕಲ್ಲಿನ ಸುತ್ತ ಜನ ಸೇರಿದ್ದರು. ಸಲೀಂ ಕೆಸರಿನಲ್ಲಿ ಮೊಣಕಾಲೂರಿ, ಎರಡೂ ಕೈಯಿಂದ ಹರೀಶರ ಎದೆ ಒತ್ತುತ್ತಿದ್ದರು. ನಾನು ಕಿರುಚಿದೆ. ನೀರಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ.

ಸಲೀಂ ಎಷ್ಟು ಹೊತ್ತು ಒತ್ತಿದರೋ. ಅವರ ಬಿಳಿ ಅಂಗಿಯೆಲ್ಲ ಕೆಸರಾಗಿತ್ತು. ಆಂಬುಲೆನ್ಸ್ ಬಂದಾಗ ಅದರಲ್ಲಿದ್ದವರ ಮುಖ ನೋಡಿಯೇ ನನಗೆ ಗೊತ್ತಾಯಿತು. ನನ್ನ ಗಂಡನಿಗೆ ಆಗ ನಲವತ್ತನಾಲ್ಕು ವರ್ಷ.

ಬಸ್ಸಿನವರು ಅಷ್ಟು ಹೊತ್ತೂ ಕಾದಿದ್ದರು, ಇಲ್ಲವೆನ್ನುವುದಿಲ್ಲ. ಮಳೆ ಜೋರಾಯಿತು. ಮುಂದೆ ನೋಡುವ ಜಾಗಗಳಿದ್ದವು. ಬಸ್ಸಿನ ಬಾಗಿಲಲ್ಲಿ ಯಾರೋ, "ಪಾಪ, ಆದರೆ ನಾವು ನಿಂತು ಮಾಡುವುದಾದರೂ ಏನುಂಟು?" ಎಂದದ್ದು ಕೇಳಿಸಿತು. ಪ್ರಭಾಕರ್ ನನ್ನ ಹತ್ತಿರ ಬಂದು, "ಅಕ್ಕಾ, ಏನು ಬೇಕಾದರೂ ಫೋನ್ ಮಾಡಿ, ಆಯ್ತಾ?" ಎಂದು ಹೇಳಿ ಬಸ್ಸು ಹತ್ತಿದರು. ಗುಂಪನ್ನು ಬಿಟ್ಟು ಬರುವ ಹಾಗಿಲ್ಲದ ಸಲೀಂ, ಇವರನ್ನೆಲ್ಲ ಬಿಟ್ಟ ಕೂಡಲೇ ಆಸ್ಪತ್ರೆಗೆ ಬರುತ್ತೇನೆಂದು ಕೈಮುಗಿಯುವಂತೆ ಎದೆಯ ಮೇಲೆ ಕೈಯಿಟ್ಟು ಹೇಳಿದರು.

ಬಸ್ಸು ಹೊರಟಿತ್ತು. ಅಷ್ಟರಲ್ಲಿ ಮತ್ತೆ ನಿಂತಿತು. ವಸುಧಾ ಇಳಿದರು. ಅವರ ಗೆಳತಿಯರು ಕಿಟಕಿಯಿಂದ ಏನೋ ಕೂಗುತ್ತಿದ್ದರು. ಅವರು ತಿರುಗಿಯೂ ನೋಡದೆ ನೇರವಾಗಿ ನನ್ನ ಹತ್ತಿರ ಬಂದರು.

"ಆಂಬುಲೆನ್ಸಲ್ಲಿ ಅವರ ಹತ್ರ ಕೂತ್ಕೊಳ್ಳಿ. ಮಗು ನನ್ನ ಜೊತೆ ಇರಲಿ. ನಿಮ್ಮ ಹಿಂದೇನೇ ಬರ್ತೀವಿ."

ಅಲ್ಲಿಗೆ ಮಳೆ ನೋಡಲು ಬಂದಿದ್ದ ಒಂದು ಒಮಾನಿ ಕುಟುಂಬ ಅವರಿಬ್ಬರನ್ನೂ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆತಂದಿತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಬೇಕಾದ್ದನ್ನು ಹೇಳಿದರು. ಹರೀಶರ ಮೊಬೈಲಿಗೆ ಊರಿನಿಂದ ಅತ್ತೆಯ ಫೋನು ಬರತೊಡಗಿತು. ಹರೀಶ್ ದಿನವೂ ಆ ಹೊತ್ತಿಗೆ ತಾಯಿಯ ಜೊತೆ ಮಾತಾಡುತ್ತಿದ್ದರು. ಮೊಬೈಲು ನನ್ನ ಕೈಯಲ್ಲಿ ಅದುರುತ್ತಿತ್ತು, ತೆಗೆಯಲು ಆಗಲಿಲ್ಲ. ವಸುಧಾ ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡರು.

"ಅಮ್ಮಾ, ನಾನು ವಸುಧಾ ಅಂತ, ನಿಮ್ಮ ಸೊಸೆ ಜೊತೆ ಬಂದಿದೀನಿ. ಮನೇಲಿ ನಿಮ್ಮ ಹತ್ರ ಬೇರೆ ಯಾರಿದಾರೆ? ಅವರನ್ನ ಕರೀರಿ. ನೀವು ಮೊದಲು ಕೂತ್ಕೊಳ್ಳಿ."

ಮುಂದಿನದನ್ನು ಕೇಳಲಾರದೆ ನಾನು ಎದ್ದು ಕಾರಿಡಾರಿಗೆ ಹೋದೆ. ಅಲ್ಲಿ ಬೆಂಚಿನ ಮೇಲೆ ಸಾನ್ವಿ ಕೂತಿದ್ದಳು, ಒದ್ದೆ ಬೂಟು ಬಿಚ್ಚಿಟ್ಟುಕೊಂಡು. ಅವಳಿಗೆ ನಾನೇ ಹೇಳಿದೆ. ಹೇಗೆ ಹೇಳಿದೆನೆಂದು ಈಗ ನೆನಪಿಲ್ಲ. ಅವಳು ಅಳಲಿಲ್ಲ. "ವಿಲ್ ಪಪ್ಪಾ ಕಮ್ ಇನ್ ಅವರ್ ಫ್ಲೈಟ್?" ಎಂದು ಕೇಳಿದಳು. "ಬರ್ತಾರೆ" ಎಂದೆ. ಹಾಗೆಯೇ ಆಯಿತು. ಮಸ್ಕತ್ತಿನಿಂದ ಊರಿಗೆ ಹೋದ ವಿಮಾನದಲ್ಲಿ ನಾವು ಮೇಲೆ ಸೀಟಿನಲ್ಲಿ, ಅವರು ಕೆಳಗೆ ಪೆಟ್ಟಿಗೆಯಲ್ಲಿ.

ಪೊಲೀಸ್, ಶವಾಗಾರ, ರಾಯಭಾರ ಕಚೇರಿಯ ಪತ್ರಗಳು ಎಂದು ಮೂರ್ನಾಲ್ಕು ದಿನ ಹಿಡಿಯಿತು. ಟೂರಿನವರೆಲ್ಲ ಕುವೈತಿಗೆ ಮರಳಿದರು. ವಸುಧಾ ಮರಳಲಿಲ್ಲ. ಬ್ಯಾಂಕಿನಿಂದ ಫೋನ್ ಬಂದಾಗ, "ರಜಾ ಇಲ್ಲ ಅಂದ್ರೆ ಇಲ್ಲ ಅನ್ನಿ, ನಾನಂತೂ ಈಗ ಬರಲ್ಲ" ಎಂದು ಕಟ್ ಮಾಡಿದರು. ಸಲೀಂ ದಿನಾ ಬಂದು ನಮ್ಮನ್ನು ಕಚೇರಿಯಿಂದ ಕಚೇರಿಗೆ ಸುತ್ತಿಸಿದರು. ನನ್ನನ್ನು ಯಾರೂ ಸಮಾಧಾನ ಮಾಡಲಿಲ್ಲ. ವಸುಧಾಗೆ ಅದು ಬರುವುದೂ ಇಲ್ಲ. "ತಿನ್ನಿ. ಮಗು ನಿಮ್ಮನ್ನೇ ನೋಡ್ತಾ ಇದೆ" ಎಂದು ಗದರಿಸಿ ಒಂದು ತುತ್ತು ತಿನ್ನಿಸುತ್ತಿದ್ದರು, ಅಷ್ಟೆ.

ಊರಿನಲ್ಲಿ ಎಲ್ಲ ಮುಗಿಸಿ ನಾನೂ ಸಾನ್ವಿಯೂ ಕುವೈತಿಗೆ ಮರಳಿದ ದಿನ ಕಟ್ಟಡದ ಕಾವಲುಗಾರ ಬ್ಯಾಗು ಎತ್ತಿಕೊಳ್ಳಲು ಬಂದವನು, ಹಿಂದೆ ಇಣುಕಿ ನೋಡಿ, "ಭಾಯಿ ನಹೀ ಆಯಾ?" ಎಂದ. ಬಾಗಿಲ ಬಳಿ ಹರೀಶರ ಡ್ಯೂಟಿ ಬೂಟುಗಳು ಇಟ್ಟಲ್ಲೇ ಇದ್ದವು. ಅವರ ಹೆಸರಿನಲ್ಲಿದ್ದ ಮಗಳ ಇಕಾಮಾ, ಅಂದರೆ ವಾಸದ ಪರವಾನಗಿಯನ್ನು, ನನ್ನ ಕೆಲಸದ ವೀಸಾಕ್ಕೆ ಬದಲಾಯಿಸಲು ಓಡಾಡಿದಾಗಲೂ ವಸುಧಾ ಜೊತೆಗಿದ್ದರು. ಸಾಲಿನಲ್ಲಿ ನಿಂತು ಕಂಡಕಂಡವರ ಜೊತೆ ಜಗಳವಾಡುತ್ತಿದ್ದರು.

ಅಂಥದೊಂದು ದಿನ ಕೇಳಿಯೇಬಿಟ್ಟೆ: "ಆವತ್ತು ನೀವು ಯಾಕೆ ಇಳಿದಿರಿ? ನಮಗೂ ನಿಮಗೂ ಬೆಳಿಗ್ಗೆಯಷ್ಟೇ ಜಗಳ ಆಗಿತ್ತು."

"ನಿಮಗೋಸ್ಕರ ಅಲ್ಲ ಕಣ್ರೀ" ಎಂದರು. "ಬಸ್ಸಲ್ಲೇ ಕೂತಿದ್ದಿದ್ರೆ ಮುಂದಿನ ಜಾಗದಲ್ಲಿ ಎಲ್ಲರ ಜೊತೆ ಇಳಿದು ಫೋಟೋ ತೆಗೆಸ್ಕೋಬೇಕಾಗಿತ್ತು. ಅದು ನನ್ನ ಕೈಲಾಗ್ತಿರಲಿಲ್ಲ."

ಕಳೆದ ವರ್ಷ ಫಹಾಹೀಲಿನ ಮಾರುಕಟ್ಟೆಯಲ್ಲಿ ಪ್ರಭಾಕರ್ ಎದುರಾದರು. ಇಬ್ಬರಿಗೂ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. "ಅಕ್ಕಾ, ಫೋನ್ ಮಾಡಬೇಕು ಅಂತ ದಿನಾ ಅಂದ್ಕೊಳ್ತಿದ್ದೆ. ಏನು ಮಾತಾಡುವುದು ಅಂತ ಗೊತ್ತಾಗ್ಲಿಲ್ಲ" ಎಂದು ತಲೆ ತಗ್ಗಿಸಿದರು. ಅವರ ಕಣ್ಣು ತುಂಬಿತ್ತು. "ಪರವಾಗಿಲ್ಲ" ಎಂದೆ. ಅದು ಸುಳ್ಳು. ಆದರೆ ಮನೆಗೆ ಮರಳುವ ದಾರಿಯಲ್ಲಿ ಸಿಟ್ಟು ಬರಲಿಲ್ಲ, ಬೇರೇನೋ ಕಾಡತೊಡಗಿತು. ಆ ದಿನ ಕಲ್ಲಿನ ಮೇಲೆ ಕೂತವರು ಬೇರೆ ಯಾರ ಗಂಡನೋ ಆಗಿದ್ದರೆ? ನಾವು ಮೂವರೂ ಬಸ್ಸಿನ ಒಳಗಿದ್ದಿದ್ದರೆ? ಹರೀಶ್ ಖಂಡಿತ ಇಳಿಯುತ್ತಿದ್ದರು.

ನನ್ನ ವಿಷಯ ನನಗೆ ಇವತ್ತಿಗೂ ಗೊತ್ತಿಲ್ಲ.